ಆಯುಧಪೂಜೆಯ ದಿನ ಕತ್ತರಿಸಿದ ತಂತಿ

ರಾಜಣ್ಣ, ಆ ತಂತಿ ಕತ್ತರಿಸಿದವನು ನಾನು. ನಿನ್ನ ಬಲಗೈ ಹೀಗಾದದ್ದು ನನ್ನಿಂದ. ಎಂಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ನಿನ್ನ ಜೊತೆ ಬೈಟು ಕಾಫಿ ಕುಡಿದಿದ್ದೇನೆ — ಗಂಟಲಲ್ಲಿ ಹೇಗೆ ಇಳಿಯಿತೋ.

ಎಲ್ಲಿಂದ ಶುರು ಮಾಡಲಿ? ಚಾಮರಾಜಪೇಟೆಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಪಕ್ಕದ್ದೇ ನಿನ್ನ ವೆಲ್ಡಿಂಗ್ ಶೆಡ್ಡು. ತರಗುಪೇಟೆಯ ಗಲ್ಲಿಗಳಲ್ಲಿ ಹಮಾಲರು ಮೂಟೆ ಹೇರಿದ ಕೈಗಾಡಿ ಎಳೆಯುವುದನ್ನು ನೋಡಿ ನೋಡಿ, ಒಂದು ಮೂರು ಚಕ್ರದ ಬ್ಯಾಟರಿ ಗಾಡಿ ನಾವೇ ಕಟ್ಟೋಣ ಎಂದವನು ನೀನು. ಕಬ್ಬಿಣ, ಚಕ್ರ, ಬ್ರೇಕು ನಿನ್ನದು. ಮೋಟಾರು, ಬ್ಯಾಟರಿ, ವೈರಿಂಗ್ ನನ್ನದು. ಬ್ರೇಕ್ ಹಿಡಿಕೆ ಒತ್ತಿದ ಕೂಡಲೇ ಮೋಟಾರಿಗೆ ಕರೆಂಟು ನಿಲ್ಲಲೆಂದು ಹಿಡಿಕೆಯಿಂದ ಒಂದು ಸಣ್ಣ ತಂತಿ ಎಳೆದಿದ್ದೆ. ಆ ಜಾಣತನ ನನ್ನದೇ ಎಂದು ಬೀದಿಗೆಲ್ಲ ಹೇಳಿಕೊಂಡೂ ಇದ್ದೆ.

ತರಗುಪೇಟೆಯ ಬೇಳೆ ಮಂಡಿಯ ಯಜಮಾನರು ಆಯುಧಪೂಜೆಯ ದಿನ ಗಾಡಿ ನೋಡಲು ಬರುತ್ತೇನೆಂದರು. ಗಾಡಿ ಮನಸ್ಸಿಗೆ ಬಂದರೆ ಇನ್ನೂ ನಾಲ್ಕು ಮಾಡಿಸುವವರಿದ್ದರು. ನೀನು ಹಿಡಿಕೆಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಬಿಗಿದು, ಬೂದುಗುಂಬಳ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ನಾನು ಎಕ್ಸಲರೇಟರ್ ತಿರುಗಿಸಿದೆ. ಗಾಡಿ ಅಲ್ಲಾಡಲಿಲ್ಲ.

ಇನ್ನೊಮ್ಮೆ. ಮತ್ತೊಮ್ಮೆ. ಯಜಮಾನರು ವಾಚು ನೋಡಿಕೊಂಡರು. “ರಾಹುಕಾಲ ಬಂದ್ಬಿಡತ್ತೆ ಕಣಯ್ಯಾ ಮೂರ್ತಿ. ಇದು ನಿಂಬೆಹಣ್ಣೂ ದಾಟಲ್ವಾ?”

ಸುತ್ತ ನಿಂತವರು ನಕ್ಕರು. ಬಾಳೆಕಂದು ಕಟ್ಟಿದ ಹುರಿ ಬ್ರೇಕ್ ಹಿಡಿಕೆಯನ್ನು ಒಂದಿಷ್ಟು ಒತ್ತಿ ಹಿಡಿದಿತ್ತು, ಅಷ್ಟೇ. ಅದು ನನಗೆ ತಿಳಿದದ್ದು ಸಂಜೆ ಹಾರ ಬಿಚ್ಚುವಾಗ. ಜನ ನಕ್ಕ ಆ ಗಳಿಗೆಯಲ್ಲಿ ಮಾತ್ರ ಮೈಯೆಲ್ಲ ಉರಿಯುತ್ತಿತ್ತು — ಅವಮಾನ, ಎಂಥ ಅವಮಾನ! ಕಟಿಂಗ್ ಪ್ಲೈಯರ್ ತೆಗೆದುಕೊಂಡು ಬಗ್ಗಿದೆ, ಆ ತಂತಿಯೇ ಕರೆಂಟು ತಡೆಯುತ್ತಿರಬೇಕೆಂದು ಕತ್ತರಿಸಿದೆ. ಗಾಡಿ ಹೊರಟಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಜನ ಚಪ್ಪಾಳೆ ಹೊಡೆದರು. ನೀನು ಕುಂಕುಮದ ಕೈಯಲ್ಲೇ ನನ್ನನ್ನು ತಬ್ಬಿಕೊಂಡೆ.

ಆಮೇಲೆ ಜೋಡಿಸುವುದನ್ನು ಮರೆತೆ — ಎಂದು ಬರೆದು ಹೊಡೆದುಹಾಕಿದ್ದೇನೆ. ಮರೆತಿರಲಿಲ್ಲ. ಗಾಡಿ ಓಡುತ್ತಿತ್ತು, ಹೊಗಳಿಕೆ ಬರುತ್ತಿತ್ತು, ನಾಳೆ ಮಾಡಿದರಾಯಿತು ಎಂದುಕೊಂಡೆ. ಮೂರು ದಿನ ಹಾಗೇ ಅಂದುಕೊಂಡೆ.

ನಾಲ್ಕನೆಯ ದಿನ ನೀನೇ ಆರು ಮೂಟೆ ತೊಗರಿಬೇಳೆ ಹೇರಿಕೊಂಡು ಹೊರಟೆ. ಇಳಿಜಾರಿನಲ್ಲಿ ಎಕ್ಸಲರೇಟರ್ ಸಿಕ್ಕಿಕೊಂಡಿತು. ನೀನು ಬ್ರೇಕ್ ಒತ್ತಿದೆ. ಆ ತಂತಿ ಇದ್ದಿದ್ದರೆ ಮೋಟಾರು ಅಲ್ಲೇ ಸುಮ್ಮನಾಗುತ್ತಿತ್ತು. ಅದು ಎಳೆಯುತ್ತಲೇ ಹೋಯಿತು. ಗೋಡೆಗೂ ಹಿಡಿಕೆಗೂ ನಡುವೆ ನಿನ್ನ ಮಣಿಕಟ್ಟು —

ಜನ ನಿನ್ನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದರು. ನಾನು ಗಾಡಿ ತಳ್ಳಿಕೊಂಡು ಅಂಗಡಿಗೆ ಬಂದೆ, ಬಾಗಿಲು ಎಳೆದುಕೊಂಡೆ, ತಂತಿ ಜೋಡಿಸಿ ಟೇಪು ಸುತ್ತಿದೆ. ಅದಾದ ಮೇಲೆ ಆಸ್ಪತ್ರೆಗೆ ಬಂದೆ. ನೀನು ನೋವಿನಲ್ಲೂ ನನ್ನ ಮುಖವನ್ನೇ ಹುಡುಕಿದೆ.

“ಬ್ರೇಕ್ ನಾನೇ ಸರಿಯಾಗ್ ಕೂರಿಸ್ಲಿಲ್ಲ ಅನ್ಸತ್ತೆ ಮೂರ್ತಣ್ಣ. ಅಲ್ವಾ?”

“ಇರ್ಬೋದು ರಾಜಣ್ಣ,” ಎಂದೆ.

ಒಂದೇ ಮಾತು. ಯಜಮಾನರೂ ಅದನ್ನೇ ನಂಬಿದರು, ಬೀದಿಯೂ ನಂಬಿತು. ಎಲ್ಲರಿಗಿಂತ ಹೆಚ್ಚು ನೀನು ನಂಬಿದೆ. ವೆಲ್ಡಿಂಗ್ ಹೋಲ್ಡರ್ ಹಿಡಿದರೆ ಆ ಕೈ ಈಗಲೂ ನಡುಗುತ್ತದೆ. ಆದರೂ ಕಿಟಕಿ ಗ್ರಿಲ್ಲು, ಗೇಟು ಮಾಡುತ್ತೀಯ. ಚಕ್ರ ಇರುವ ಯಾವುದನ್ನೂ ಮುಟ್ಟುವುದಿಲ್ಲ.

ಕಳೆದ ವಾರ ಸೊಪ್ಪು ಮಾರುವ ಹೆಂಗಸೊಬ್ಬಳು ತನ್ನ ತಳ್ಳುಗಾಡಿಗೆ ಮೋಟಾರು ಹಾಕಿಸಬೇಕೆಂದು ನಿನ್ನ ಹತ್ತಿರ ಬಂದಳು. ಮಂಡಿನೋವಂತೆ, ತಳ್ಳಲಾಗುವುದಿಲ್ಲವಂತೆ. ನೀನು ಕೈಮುಗಿದೆ. “ಬೇಡ ತಾಯಿ. ನನ್ ಕೈಯಲ್ಲಿ ಬ್ರೇಕ್ ಕೂರಲ್ಲ. ನಿಮ್ ಜೀವಕ್ಕೇ ಅಪಾಯ.” ನಾನು ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಕಾಯಿಲ್ ಸುತ್ತುತ್ತಾ ಕೂತಿದ್ದೆ. ಅವಳು ಗಾಡಿ ತಳ್ಳಿಕೊಂಡೇ ಹೋದಳು. ಆವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಸುತ್ತಿದ ಕಾಯಿಲನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೇನೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇದನ್ನು ನಿನ್ನೆದುರು ನಿಂತು ಓದುತ್ತೇನೆ. ಅಲ್ಲಿಂದ ಯಜಮಾನರ ಮಂಡಿಗೆ ಹೋಗಿ ಅವರೆದುರೂ ಓದುತ್ತೇನೆ. ಆ ಹೆಂಗಸನ್ನೂ ಹುಡುಕುತ್ತೇನೆ. ನೀನು ನನ್ನ ಮುಖ ನೋಡದಿದ್ದರೆ ಅದು ನ್ಯಾಯವೇ.

ಇನ್ನೊಂದಿದೆ. ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಒದ್ದಾಡಿದ್ದು ಇದಕ್ಕೇ. ಆ ದಿನ ತಂತಿ ಜೋಡಿಸುವ ಮೊದಲು ನಾನು ಚಕ್ರ ಬಿಚ್ಚಿ ನೋಡಿದ್ದೆ. ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ನನ್ನ ಮೋಟಾರಿನ ಜೊತೆ ಗುದ್ದಾಡಿ ಸುಟ್ಟು ಕರಕಲಾಗಿತ್ತು. ನೀನು ಕೂರಿಸಿದ ಬ್ರೇಕು ಕೊನೆಯವರೆಗೂ ಹಿಡಿದೇ ಇತ್ತು, ರಾಜಣ್ಣ. ಅದನ್ನು ಕಣ್ಣಾರೆ ಕಂಡೇ ನಾನು ಆಸ್ಪತ್ರೆಗೆ ಬಂದಿದ್ದೆ.