ಮೂರು ಚಪ್ಪಡಿ, ಒಂದು ಝೂಮ್ ಲೆನ್ಸು

ನಮ್ಮನೆಯವರ ಕಾಲು ಸುಟ್ಟದ್ದು ಅವರಿಗಿಂತ ಮೊದಲು ನನಗೆ ಗೊತ್ತಾಯಿತು. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಾಸಿಗೆ ಮಡಿಸುವಾಗ ಕಾಲ ಕಡೆ ಒದ್ದೆ ಕಲೆ ಕಾಣಿಸಿತು. ಅವರನ್ನು ಹಿಡಿದು ಕೂರಿಸಿ ಪಾದ ಎತ್ತಿ ನೋಡಿದರೆ ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಹಿಂದಿನ ದಿನ ಮಧ್ಯಾಹ್ನ ಬೇಲೂರು ದೇವಸ್ಥಾನದ ಅಂಗಳದಲ್ಲಿ ಯಾರದೋ ಫೋಟೊ ತೆಗೆಯುತ್ತ ಬರಿಗಾಲಲ್ಲಿ ಅರ್ಧ ಗಂಟೆ ಓಡಾಡಿದ್ದರಂತೆ. ಸುಡಲಿಲ್ಲವಾ ಎಂದು ಕೇಳಿದೆ.

"ಗೊತ್ತಾಗ್ಲಿಲ್ಲ" ಅಂದರು.

ಸಕ್ಕರೆ ಕಾಯಿಲೆ ಪಾದದಲ್ಲಿದ್ದ ಅರಿವನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಇನ್ನೊಮ್ಮೆ ಹೀಗಾದರೆ ಬೆರಳು ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು. ಇವರ ಮುಖ ನೋಡಿ ಹೇಳಿ ಪ್ರಯೋಜನವಿಲ್ಲ ಎಂದು ಆ ಡಾಕ್ಟರಿಗೂ ಅಷ್ಟರಲ್ಲಿ ತಿಳಿದಿತ್ತು.

ನಮ್ಮನೆಯವರು ಇಪ್ಪತ್ತನೇ ವಯಸ್ಸಿನಿಂದ ಆ ಅಂಗಳದಲ್ಲಿ ಫೋಟೊ ತೆಗೆದವರು. ಪ್ರವಾಸಿಗರನ್ನು ನಿಲ್ಲಿಸಿ ತೆಗೆದು, ವಿಳಾಸ ಬರೆದುಕೊಂಡು, ಪ್ರಿಂಟನ್ನು ಅಂಚೆಯಲ್ಲಿ ಕಳಿಸುವ ಕೆಲಸ. ಮೊಬೈಲು ಬಂದ ಮೇಲೆ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಉಳಿದದ್ದು ಸುತ್ತಮುತ್ತಲ ಊರುಗಳ ಮದುಮಕ್ಕಳು. ಮದುವೆಯ ಮಾರನೇ ದಿನ ಕೇಶವನ ದರ್ಶನಕ್ಕೆ ಬಂದು ಇವರ ಹತ್ತಿರ ಮೂರು ಫೋಟೊ ತೆಗೆಸಿಕೊಳ್ಳುವುದು ಕೆಲವು ಮನೆಗಳಲ್ಲಿ ಪದ್ಧತಿಯೇ ಆಗಿಬಿಟ್ಟಿತ್ತು. ಹಿಂದೆ ಗುಡಿ ಕಾಣುವ ಹಾಗೆ ಗಂಡ ಹೆಂಡತಿ ಪೂರ್ತಿ ನಿಂತದ್ದು ಒಂದು, ಮೊಣಕಾಲಿನಿಂದ ಮೇಲಕ್ಕೆ ಇಬ್ಬರದೂ ಒಂದು, ಕೊನೆಗೆ ಹೆಣ್ಣಿನ ಮುಖದ್ದು ಒಂದು. ಇವರ ಹಳೇ ರೀಲು ಕ್ಯಾಮೆರಾಕ್ಕೆ ಇದ್ದದ್ದು ಐವತ್ತು ಎಂ.ಎಂ.ನ ಒಂದೇ ಲೆನ್ಸು. ಅದು ದೂರದ್ದನ್ನು ಹತ್ತಿರ ಮಾಡುವುದಿಲ್ಲ, ಹತ್ತಿರದ್ದನ್ನು ದೂರ ಮಾಡುವುದಿಲ್ಲ. ಹಿಂದೆ ಮುಂದೆ ಹೋಗಬೇಕಾದವರು ಇವರೇ. ಅದಕ್ಕೆ ಮೂರು ಚಪ್ಪಡಿ ಕಲ್ಲು ಗುರುತು ಮಾಡಿಟ್ಟುಕೊಂಡಿದ್ದರು. ಒಂದೊಂದು ಫೋಟೊಕ್ಕೆ ಒಂದೊಂದು ಚಪ್ಪಡಿ.

ಕಾಲುಚೀಲ ಹಾಕಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಅದೂ ಆಗಿದೆ. ಜನರ ಕಾಲು ತಾಗಿ ತಾಗಿ ನುಣ್ಣಗಾದ ಕಲ್ಲು ಅದು. ಕಾಲುಚೀಲದಲ್ಲಿ ಜಾರಿ ಬಿದ್ದು, ಕ್ಯಾಮೆರಾವನ್ನು ಮಾತ್ರ ಎದೆಗವಚಿಕೊಂಡು, ಮೊಣಕೈ ಜಜ್ಜಿಸಿಕೊಂಡು ಮನೆಗೆ ಬಂದಿದ್ದರು. ಅವತ್ತೇ ಆ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಸರಕ್ಕೆ ಪೋಣಿಸಿಕೊಂಡೆ.

ಈ ಸಲ ಯುಗಾದಿ ಕಳೆದು ಒಂದು ವಾರಕ್ಕೆ ಅರೇಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಟವೆಲಿನಲ್ಲಿ ಸುತ್ತಿದ್ದ, ಕಟ್ಟು ಹಾಕಿಸಿದ ಎರಡು ಫೋಟೊ ಬಿಚ್ಚಿ ನಮ್ಮ ಜಗಲಿಯ ಮೇಲೆ ಇಟ್ಟರು. ಒಂದು ಆ ಅಜ್ಜಿಯದೇ ಮದುವೆಯ ಮಾರನೇ ದಿನದ್ದು, ನಮ್ಮನೆಯವರು ಕೆಲಸ ಶುರುಮಾಡಿದ ವರ್ಷ ತೆಗೆದದ್ದು. ಇನ್ನೊಂದು ಅವರ ಮಗಳದು. ಈಗ ಮೊಮ್ಮಗಳ ಮದುವೆ.

"ನನ್ನ ತೆಗ್ದೋರು ನೀವು, ನನ್ ಮಗಳನ್ನ ತೆಗ್ದೋರು ನೀವು. ಇವಳ್ದೂ ನಿಮ್ ಕೈಲೇ ಆಗ್ಬೇಕು, ಅದೇ ಕ್ಯಾಮ್ರಾದಾಗೆ" ಅಂದರು.

ಇವರು ನನ್ನ ಕಡೆ ತಿರುಗಿಯೂ ನೋಡದೆ ಆಗಲಿ ಅಂದುಬಿಟ್ಟರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ದಿನ ತಟ್ಟೆ ಇಡುವಾಗ ಸದ್ದು ಮಾಡಿ ಇಟ್ಟೆನೇ ಹೊರತು ಮಾತಾಡಲಿಲ್ಲ. ಮೂರನೇ ದಿನ ನೋಡಿದರೆ ಆ ಮನುಷ್ಯ ಬೀರುವಿನ ಮುಂದೆ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೀಗದ ಕೈ ಕೊಡು ಅಂತಲೂ ಕೇಳಲಿಲ್ಲ. ಕೇಳಿದ್ದರೆ ಜಗಳ ಆಡಬಹುದಿತ್ತು. ನನಗೆ ಪಾಪ ಅನ್ನಿಸಿತು.

ಒಂದೇ ಜಾಗದಲ್ಲಿ ನಿಂತು ಮೂರೂ ಫೋಟೊ ತೆಗೆಯುವ ಲೆನ್ಸು ಇಲ್ಲವಾ ಎಂದು ಕೇಳಿದೆ. ಇದೆ, ಝೂಮು, ಸೋಮಾರಿಗಳ ಲೆನ್ಸು ಅಂದರು. ಸೋಮಾರಿ ಅನ್ನಿಸಿಕೊಂಡರೂ ಪರವಾಗಿಲ್ಲ, ಹತ್ತೂ ಬೆರಳು ಇರಲಿ ಅಂದೆ. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವಳು. ಒಂದು ಲೆನ್ಸು ಆರಿಸುವುದು ಏನು ಮಹಾ ಎಂದುಕೊಂಡು, ತಾಳೆ ನೋಡಲು ಕ್ಯಾಮೆರಾವನ್ನು ಚೀಲದಲ್ಲಿಟ್ಟುಕೊಂಡು, ಒಬ್ಬಳೇ ಅರಸೀಕೆರೆ ಬಸ್ಸು ಹತ್ತಿದೆ.

ಅರಸೀಕೆರೆಯ ಸ್ಟುಡಿಯೊದಲ್ಲಿ ಈ ಕ್ಯಾಮೆರಾಕ್ಕೆ ಕೂರುವ ಹಳೇ ಝೂಮು ಎರಡಿದ್ದವು. ಒಂದು ಮೊಟಕು, ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು ಕಟ್ಟಿತ್ತು. ಇನ್ನೊಂದು ಉದ್ದ, ಸ್ವಚ್ಛ, ಎಪ್ಪತ್ತರಿಂದ ಇನ್ನೂರಹತ್ತರವರೆಗೆ ಎಳೆಯಬಹುದು. ಅಂಗಡಿ ಬಾಗಿಲಲ್ಲಿ ನಿಂತು ನೋಡಿದೆ. ರಸ್ತೆ ಆಚೆ ಹೂ ಕಟ್ಟುತ್ತಿದ್ದವಳ ಮೂಗುಬೊಟ್ಟು ಕಂಡಿತು. ಎಷ್ಟು ಉದ್ದವೋ ಅಷ್ಟು ನಡಿಗೆ ಉಳಿಯಿತು ಎಂದು ಲೆಕ್ಕ ಹಾಕಿ ಅದನ್ನೇ ತಂದೆ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೆಮ್ಮೆಯಿಂದ ಕೂತಿದ್ದೆ.

ಮಾರನೇ ದಿನ ಮಧ್ಯಾಹ್ನ ಹಿತ್ತಲಿನ ಬಾವಿಕಟ್ಟೆ ಪಕ್ಕ ನನ್ನನ್ನು ನಿಲ್ಲಿಸಿ, ಪೂರ್ತಿ ನಿಂತ ಫೋಟೊ ಮೊದಲು ಅಂದರು. ಕಣ್ಣಿಗೆ ಕ್ಯಾಮೆರಾ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಹೋದರು. ಹಿತ್ತಲು ಮುಗಿಯಿತು, ಅಡುಗೆಮನೆ ದಾಟಿದರು, ನಡುಮನೆ ದಾಟಿದರು. ನಮ್ಮದು ಪುಟ್ಟ ಮನೆ, ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿವೆ. ನನ್ನ ಕಾಲು ಇನ್ನೂ ಕಾಣುತ್ತಿಲ್ಲ ಎಂದು ಹೊರಬಾಗಿಲಿನಿಂದ ಕೂಗಿದರು. ನಾನು ನಗುತ್ತ ನಿಂತಿದ್ದೆ. ಆಮೇಲೆ ನೋಡಿದರೆ ಇವರು ಬೀದಿಯಲ್ಲಿದ್ದಾರೆ, ಬರಿಗಾಲಲ್ಲಿ, ಬಿಸಿಲಿಗೆ ಕಾದ ಡಾಂಬರಿನ ಮೇಲೆ. ಕಣ್ಣು ಕ್ಯಾಮೆರಾದೊಳಗಿದೆ, ಮುಖದಲ್ಲಿ ಸಣ್ಣ ನಗುವೂ ಇದೆ.

ಓಡಿಹೋಗಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಂದು ಪಾದದ ಮೇಲೆ ತಣ್ಣೀರು ಸುರಿದೆ. ಚರ್ಮ ಕೆಂಪಾಗಿತ್ತು, ಅಷ್ಟೇ, ದೇವರು ದೊಡ್ಡವನು. ನಡಿಗೆ ಉಳಿಸಲೆಂದು ನಾನು ತಂದ ಲೆನ್ಸೇ ಅವರನ್ನು ಬೀದಿಗೆ ನಡೆಸಿತ್ತು. ಉದ್ದದ ಲೆನ್ಸು ದೂರದ್ದನ್ನು ತರುತ್ತದೆಯೇ ಹೊರತು ಹತ್ತಿರ ಇರುವುದನ್ನು ಪೂರ್ತಿ ಹಿಡಿಯುವುದಿಲ್ಲ ಎಂಬುದು ಗಣಿತದ ಮೇಡಂಗೆ ಹೊಳೆದಿರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಇವರು ಬಯ್ಯಲಿಲ್ಲ. ನಿನ್ನ ಮೂಗುಬೊಟ್ಟು ಮಾತ್ರ ಚೆನ್ನಾಗಿ ಕಂಡಿತು ಕಣೇ ಅಂದರು.

ವಾಪಸ್ ಕೊಡಲು ಹೋದಾಗ ಅರಸೀಕೆರೆಯವನು ಬೇಜಾರು ಮಾಡಿಕೊಳ್ಳದೆ ತೆಗೆದುಕೊಂಡ. ಬಾಣಾವರದಲ್ಲಿ ಸ್ಟುಡಿಯೊ ಮುಚ್ಚಿದ ಒಬ್ಬ ಹಿರಿಯರ ಹತ್ತಿರ ಇದಕ್ಕೆ ಕೂರುವ ಬೇರೆ ಝೂಮು ಇರಬಹುದು ನೋಡಿ ಎಂದು ದಾರಿ ಹೇಳಿದ. ಹಾಗೇ ರೈಲು ಹತ್ತಿದೆ.

ಬಾಣಾವರದ ಆ ಹಿರಿಯರು ಲೆನ್ಸುಗಳನ್ನು ತಗಡಿನ ಡಬ್ಬದಲ್ಲಿ, ಹುರಿದ ಅಕ್ಕಿಯ ಸಣ್ಣ ಗಂಟಿನ ಜೊತೆ ಇಟ್ಟಿದ್ದರು. ಅಕ್ಕಿ ತೇವ ಹೀರಿಕೊಳ್ಳುತ್ತದೆ, ಗಾಜಿಗೆ ಬೂಷ್ಟು ಹಿಡಿಯುವುದಿಲ್ಲ, ಮಳೆಗಾಲದಲ್ಲಿ ಗಂಟು ಬದಲಾಯಿಸುತ್ತೇನೆ ಎಂದು ಹೇಳಿದರು. ನಾನು ಎಲ್ಲಕ್ಕಿಂತ ಉಪಯೋಗದ್ದು ಯಾವುದು ಎಂದು ಕೇಳಿದೆ. ಅವರು ಡಬ್ಬದ ಮುಚ್ಚಳ ಹಾಕಿದರು.

"ಲೆನ್ಸ್ ಆಮೇಲ್ ನೋಡಣ ತಾಯಿ. ನಿಮ್ಮನೆಯೋರು ಎಲ್ಲಿಂದ ಎಲ್ಲೀಗಂಟ ನಡೀತಿದ್ರು, ಅದ್ ಹೇಳಿ ಮೊದ್ಲು."

ಅದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ದೇವಸ್ಥಾನದ ಮಂಟಪದ ನೆರಳಲ್ಲಿ ಕೂತು ಎಷ್ಟು ಸಲ ನೋಡಿದ್ದೇನೆ. ಆ ಹಿರಿಯರ ಮನೆಯ ಅಂಗಳದಲ್ಲಿ ನಲ್ಲಿಯನ್ನೇ ಮದುಮಗಳು ಎಂದಿಟ್ಟುಕೊಂಡು ಹೆಜ್ಜೆ ಹಾಕಿ ತೋರಿಸಿದೆ. ಹಿಂದಿನ ಚಪ್ಪಡಿ ಒಂಬತ್ತು ಹೆಜ್ಜೆ, ನಡುವಿನದು ಆರು, ಮುಂದಿನದು ಮೂರು. ಹಾಗಾದರೆ ನಡುವಿನ ಚಪ್ಪಡಿ ಬಿಟ್ಟು ಅಲ್ಲಾಡಬೇಕಾಗಿಲ್ಲ ಎಂದು ಅವರು ಒಂದು ಲೆನ್ಸು ತೆಗೆದರು. ಮೂವತ್ತೈದರಿಂದ ನೂರೈದು. ಮೂವತ್ತೈದಕ್ಕೆ ಇಟ್ಟರೆ ಮೂರು ಹೆಜ್ಜೆ ಹಿಂದೆ ಹೋದ ಹಾಗೆ, ಐವತ್ತಕ್ಕೆ ನಿಂತಲ್ಲೇ ನಿಂತ ಹಾಗೆ, ನೂರೈದಕ್ಕೆ ಮೂರು ಹೆಜ್ಜೆ ಮುಂದೆ ಬಂದ ಹಾಗೆ. ಈ ಲೆಕ್ಕ ನನಗೆ ಕೂಡಲೇ ಹಿಡಿಯಿತು. ಟಾರ್ಚು ಹಾಕಿ ಒಳಗೆ ತೋರಿಸಿದರು, ಎರಡು ಧೂಳಿನ ಕಣ ಬಿಟ್ಟರೆ ಗಾಜು ತಿಳಿಯಾಗಿತ್ತು. ಒಂದೇ ಐಬು, ಬಗ್ಗಿಸಿ ಹಿಡಿದರೆ ಝೂಮು ತಾನಾಗೇ ಜಾರುತ್ತದೆ, ಅದಕ್ಕೊಂದು ರಬ್ಬರ್ ಬ್ಯಾಂಡು ಹಾಕಿಕೊಳ್ಳಿ ಅಂದರು. ಅರೇಹಳ್ಳಿ ಅಜ್ಜಿಯ ಮೊಮ್ಮಗಳ ಫೋಟೊದ ಒಂದು ಪ್ರಿಂಟು ತಮಗೂ ಬೇಕು ಎಂದು ಹೇಳಿ ಕಳಿಸಿದರು.

ಹಳೇಬೀಡಿನಲ್ಲಿ ಅದನ್ನು ಪರೀಕ್ಷೆ ಮಾಡಿದೆವು. ಅಲ್ಲಿ ಗುಡಿಯ ಜಗುಲಿ ಹತ್ತುವವರೆಗೂ ಕಾಲಲ್ಲಿ ಚಪ್ಪಲಿ ಇರಬಹುದು. ಹುಲ್ಲಿನ ಮೇಲೆ ಒಂದೇ ಕಡೆ ನಿಂತು ಇಡೀ ಗುಡಿ ತೆಗೆದರು, ಗೋಡೆಯ ಕೆಳಗಿನ ಆನೆಗಳ ಸಾಲು ತೆಗೆದರು, ಆಮೇಲೆ ನನ್ನ ಮುಖ. ಬಚ್ಚಲುಮನೆಯಲ್ಲಿ ರೀಲು ತೊಳೆದು ಒಣಗಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನೂರೈದರಲ್ಲಿ ಸ್ವಲ್ಪ ಮೆತ್ತಗೆ ಬರುತ್ತದೆ, ಹೆಣ್ಣುಮಕ್ಕಳ ಮುಖಕ್ಕೆ ಅದೇ ಒಳ್ಳೇದು ಎಂದರು. ಸೋಮಾರಿ ಎಂಬ ಮಾತು ಮತ್ತೆ ಬರಲಿಲ್ಲ.

ಮದುವೆಯ ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬನ್ನಿ, ಕಲ್ಲು ತಣ್ಣಗಿರುತ್ತದೆ ಎಂದು ಅಜ್ಜಿಗೆ ಮೂರು ಸಲ ಹೇಳಿದ್ದೆ. ಬಂದದ್ದು ಹನ್ನೆರಡೂವರೆಗೆ. ಮದುವೆ ದಿಬ್ಬಣ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ? ಜನ ನಡೆಯುವಲ್ಲಿ ತೆಂಗಿನ ನಾರಿನ ಮ್ಯಾಟು ಹಾಸಿದ್ದರು, ಗಂಡು ಹೆಣ್ಣು ಅದರ ಮೇಲೆ ನಿಂತರು. ಇವರ ಚಪ್ಪಡಿ ಇದ್ದದ್ದು ಮ್ಯಾಟಿನಿಂದ ಆಚೆ. ಅಲ್ಲಿನ ಕಾವಲಿನವರನ್ನು ಮೊದಲೇ ಕೇಳಿಟ್ಟಿದ್ದೆ. ಒಂದು ಗೋಣಿಚೀಲ ಒದ್ದೆ ಮಾಡಿ ಮಡಿಸಿ ಹಾಕಿ ಇವರನ್ನು ಅದರ ಮೇಲೆ ನಿಲ್ಲಿಸಿದೆ. ಗೋಣಿ ಕಾದದ್ದು ಇವರಿಗೆ ತಿಳಿಯುವುದಿಲ್ಲವಲ್ಲ. ಅದಕ್ಕೆ ನನ್ನ ಬಲಗಾಲನ್ನು ಇವರ ಕಾಲಿನ ಪಕ್ಕ ಗೋಣಿಯ ಮೇಲಿಟ್ಟು ನಿಂತೆ. ಎಡಗಾಲಿಗೆ ಅದರ ಮೇಲೆ ಜಾಗವಿರಲಿಲ್ಲ.

"ನನ್ ಕಾಲಿಗೆ ಬಿಸಿ ಅಂತ ಗೊತ್ತಾದ ತಕ್ಷಣ ಸಾಕು ಅಂತೀನಿ. ಮರುಮಾತಿಲ್ದೆ ಈಚೆ ಬರ್ಬೇಕು ನೀವು" ಅಂದೆ. ತಲೆಯಾಡಿಸಿದರು.

ಮೊದಲ ಎರಡು ಫೋಟೊ ಬೇಗ ಆದವು. ಲೆನ್ಸು ಸರ್ರನೆ ಮುಂದೆ ಸರಿಯಿತು, ಇವರು ಅಲ್ಲಾಡಲಿಲ್ಲ. ಮೂರನೆಯದಕ್ಕೆ ತಡವಾಯಿತು. ನೆತ್ತಿಯ ಬಿಸಿಲಿಗೆ ಹುಡುಗಿ ಕಣ್ಣು ಕಿರಿದು ಮಾಡುತ್ತಿದ್ದಳು. ಅವಳು ಕಣ್ಣು ಬಿಡುವುದನ್ನು ಇವರು ಕಾದರು. ಇವರಿಗೆ ಅವಸರ ಮಾಡಿ ಗೊತ್ತೇ ಇಲ್ಲ. ಬಲಗಾಲಿನ ಕೆಳಗೆ ಗೋಣಿ ಇನ್ನೂ ತಂಪಾಗಿತ್ತು. ಎಡಗಾಲಿನ ಕೆಳಗೆ ಕಲ್ಲು ಕೆಂಡವಾಗಿತ್ತು. ಕಾಲು ಎತ್ತಿದರೆ ಇವರು ನನ್ನ ಕಡೆ ತಿರುಗುತ್ತಾರೆ, ಆ ಮುಖ ತಪ್ಪಿಹೋಗುತ್ತದೆ ಎಂದು ಸುಮ್ಮನೆ ನಿಂತೆ. ಅಷ್ಟರಲ್ಲಿ ಒಂದು ಮೋಡ ಬಂತು. ಹುಡುಗಿ ಕಣ್ಣು ಬಿಟ್ಟಳು. ಕ್ಯಾಮೆರಾದ ಸದ್ದು ಕೇಳಿದ ಮೇಲೆ ನಾನು ಸಾಕು ಅಂದೆ, ಇವರು ಒಂದು ಮಾತಾಡದೆ ನನ್ನ ಹಿಂದೆ ಮಂಟಪದ ನೆರಳಿಗೆ ಬಂದರು.

ಸಂಜೆ ಮನೆಯಲ್ಲಿ ಇವರನ್ನು ಕೂರಿಸಿ ಎರಡೂ ಅಂಗಾಲು ನೋಡಿದೆ. ಒಂದು ಗುಳ್ಳೆಯೂ ಇರಲಿಲ್ಲ. ಸಮಾಧಾನವಾಗಿ ಕಾಫಿ ತರಲು ಎದ್ದೆ. ನಾನು ಕುಂಟಿದ್ದನ್ನು ಇವರು ನೋಡಿಬಿಟ್ಟರು. ಕೈ ಹಿಡಿದು ಕೂರಿಸಿ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಎಡ ಅಂಗಾಲಿನ ಬೊಬ್ಬೆಯನ್ನು ನೋಡಿ, ಹೋದ ವರ್ಷ ಅವರಿಗೆ ತಂದು ಉಳಿದಿದ್ದ ಮುಲಾಮನ್ನು ಹಚ್ಚತೊಡಗಿದರು.

"ಸುಡ್ತಿದ್ರೆ ಹೇಳ್ಬಾರ್ದಿತ್ತೇನೇ?" ಅಂದರು.

"ಗೊತ್ತಾಗ್ಲಿಲ್ಲ" ಅಂದೆ.