ಕ್ಲಾಸಿಲ್ಲದ ಹುಡುಗಿಯ ಫಸ್ಟ್ ಕಮ್ಯೂನಿಯನ್

"ಅಮ್ಮಾ, ಅಕ್ಕ ನನ್ ಕ್ಲಾಸಿಗೆ ಬಂದ್ಳು! ನನ್ ಪಕ್ಕಾನೇ ಕೂತ್ಕೊಂಡ್ಳು!"

ಎರಡು ವಾರದ ಹಿಂದಿನ ಭಾನುವಾರ. ಪೂಜೆ ಮುಗಿದು, ಮಕ್ಕಳ ಧರ್ಮೋಪದೇಶದ ತರಗತಿಯೂ ಮುಗಿದಿತ್ತು. ಚರ್ಚಿನ ಮೆಟ್ಟಿಲಿಳಿದು ಓಡಿಬಂದ ನನ್ನ ಐದು ವರ್ಷದ ಮಗ ಟೋನಿ ಹೀಗೆ ಕೂಗಿದ. ಲಾಟರಿ ಹೊಡೆದವನ ಖುಷಿ ಅವನ ಮುಖದಲ್ಲಿ.

ಹಿಂದೆಯೇ ನಿಧಾನಕ್ಕೆ ಬಂದಳು ಅವನ ಅಕ್ಕ ಸೆಲಿನ್. ವಯಸ್ಸು ಎಂಟು. ಕೈಯಲ್ಲೊಂದು ಹಾಳೆ. ಅದರಲ್ಲಿ ನೋಹನ ನಾವೆ, ನಾವೆಯೊಳಗೆ ಆನೆ, ಜಿರಾಫೆ. ಬಣ್ಣ ತುಂಬಿ ಅಂತ ಪುಟಾಣಿಗಳಿಗೆ ಕೊಡುವ ಚಿತ್ರ. ಅವಳು ಬಣ್ಣ ತುಂಬಿರಲಿಲ್ಲ. ಜೀಪ್ ಹತ್ತಿ ಕಿಟಕಿ ಪಕ್ಕ ಕೂತವಳು ನಮ್ಮ ತೋಟದ ಗೇಟ್ ಬರುವವರೆಗೂ ಆ ಹಾಳೆಯನ್ನು ಮಡಚುತ್ತಾ ಬಿಚ್ಚುತ್ತಾ ಇದ್ದಳು.

ಮನೆಯಲ್ಲಿ ಶೂ ಬಿಚ್ಚುವಾಗ ಕೇಳಿದೆ. "ಎಂಥ ಆಯ್ತು ಮಗಾ?"

"ಲೂಸಿ ಟೀಚರ್ ಯಾವ ಕ್ಲಾಸು ಅಂತ ಕೇಳಿದ್ರು. ನಂಗೆ ಕ್ಲಾಸಿಲ್ಲ ಟೀಚರ್, ಮನೇಲಿ ಓದೋದು ಅಂದೆ. ಹಂಗಾದ್ರೆ ಸಣ್ಣವ್ರ ಜೊತೆ ಕೂತ್ಕೋ ಅಂದ್ರು."

ಅಷ್ಟೇ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು.

ಹಳೆಯ ಓದುಗರಿಗೆ ಗೊತ್ತಿದೆ, ನಮ್ಮ ಮಕ್ಕಳು ಶಾಲೆಗೆ ಹೋಗುವುದಿಲ್ಲ. ಹೊಸಬರಿಗಾಗಿ ಹೇಳುತ್ತೇನೆ. ನಮ್ಮದು ಚೆಟ್ಟಳ್ಳಿಯಿಂದ ಒಳಗೆ ಒಂದು ಸಣ್ಣ ಕಾಫಿ ತೋಟ. ಸೆಲಿನ್ ಒಂದು ವರ್ಷ ವ್ಯಾನ್ ಹತ್ತಿ ಶಾಲೆಗೆ ಹೋದಳು. ಬೆಳಿಗ್ಗೆ ತಿರುವುಗಳಲ್ಲಿ ವಾಂತಿ, ಸಂಜೆ ರಸ್ತೆಯಲ್ಲಿ ಆನೆ. ಆನೆ ದಾಟುವವರೆಗೆ ವ್ಯಾನ್ ನಿಲ್ಲಬೇಕು, ಮಗು ಬರುವವರೆಗೆ ನಾನು ಗೇಟಿನಲ್ಲಿ ನಿಲ್ಲಬೇಕು. ಮನೆಗೆ ಬಂದ ಮಗು ಊಟವನ್ನೂ ಮಾಡದೆ ಮಲಗುತ್ತಿತ್ತು. ಸಾಕಾಯಿತು. ನಾನೂ ನನ್ನ ಗಂಡ ಐವನ್ನೂ ಕೂತು ಮಾತಾಡಿ, ಮನೆಯಲ್ಲೇ ಕಲಿಸೋಣ ಅಂತ ತೀರ್ಮಾನ ಮಾಡಿದೆವು. ಟೋನಿಯನ್ನಂತೂ ಶಾಲೆಗೆ ಸೇರಿಸಲೇ ಇಲ್ಲ.

ಆವತ್ತಿನಿಂದ ಶುರುವಾಯಿತು ನೋಡಿ, ಪರೀಕ್ಷೆ. ಮಕ್ಕಳಿಗೆ ನಾವು ಪರೀಕ್ಷೆ ಮಾಡುವುದಿಲ್ಲ. ಊರೇ ಮಾಡುತ್ತದೆ!

ಬಾಡಿಗೆ ಜೀಪಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಯಾವ ಕ್ಲಾಸು? ಗೋಣಿಕೊಪ್ಪಲಿನಲ್ಲಿ ಮೆಣಸು ಕೊಳ್ಳುವ ಅಂಗಡಿಯವರು ಕೇಳುತ್ತಾರೆ, ಯಾವ ಕ್ಲಾಸು? ಮನೆಯಲ್ಲೇ ಓದುತ್ತಾಳೆ ಅಂದ ಕೂಡಲೇ ಅವರ ಮುಖ ಬದಲಾಗುತ್ತದೆ. "ಹೌದಾ? ಹಂಗಾದ್ರೆ ಹದಿಮೂರರ ಮಗ್ಗಿ ಹೇಳು ನೋಡುವ!" ಅಲ್ಲ ಸ್ವಾಮಿ, ನಿಮ್ಮ ಅಂಗಡಿಗೆ ಬಂದು, ಎಸ್ಸೆಸ್ಸೆಲ್ಸಿಯಲ್ಲಿ ನಿಮಗೆ ಗಣಿತಕ್ಕೆ ಎಷ್ಟು ಬಂದಿತ್ತು ಅಂತ ನಾನು ಯಾವತ್ತಾದರೂ ಕೇಳಿದ್ದೇನಾ?

(ಹದಿಮೂರರ ಮಗ್ಗಿ ಅವಳಿಗೆ ಬರುತ್ತದೆ. ಹೇಳುವುದಿಲ್ಲ ಅಷ್ಟೇ. ನನ್ನ ಮಗಳಲ್ಲವೇ.)

ಹಾಗಂತ ಮನೆಯಲ್ಲಿ ಕಲಿಸುವುದು ಸ್ವರ್ಗ ಅಂತ ನಾನು ಹೇಳುವುದಿಲ್ಲ. ಈ ಅಕ್ಟೋಬರ್ ತಿಂಗಳನ್ನೇ ತೆಗೆದುಕೊಳ್ಳಿ. ಮಳೆ ಹಿಂದೆ ಸರಿದು, ಬಿಸಿಲು ಆಗೊಮ್ಮೆ ಈಗೊಮ್ಮೆ ಮುಖ ತೋರಿಸುವ ಕಾಲ. ತಿಂಗಳುಗಟ್ಟಲೆ ಒಳಗೇ ಇದ್ದ ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸಿ ನೋಡೋಣ! ಅರೇಬಿಕಾ ಹಣ್ಣು ಅಲ್ಲೊಂದು ಇಲ್ಲೊಂದು ಕೆಂಪಾಗಿದೆ, ಬೆಳಗಿನ ಮಂಜಿಗೆ ಗಿಡಗಿಡಕ್ಕೂ ಜೇಡರ ಬಲೆ ಹೊಳೆಯುತ್ತದೆ. ಟೋನಿ ಬಲೆ ಎಣಿಸುತ್ತೇನೆ ಅಂತ ಹೋದವನು ಜಿಗಣೆ ಹತ್ತಿಸಿಕೊಂಡು ಬರುತ್ತಾನೆ. ಕಾಫಿ ಒಣಗಿಸುವ ಕಣವನ್ನು ಸೀಸನ್‌ಗೆ ಮೊದಲು ತೊಳೆಯಬೇಕು, ಅಲ್ಲೇ ನಮ್ಮ ಗಣಿತದ ಪಾಠ. ಸೆಲಿನ್ ಟೇಪ್ ಹಿಡಿದು ಉದ್ದ ಅಗಲ ಅಳೆದು ಗುಣಿಸುತ್ತಾಳೆ. ಮಧ್ಯೆ ನನ್ನ ಅನ್ನ ಸೀದುಹೋಗುತ್ತದೆ. ನಾನು ಕಿರುಚುತ್ತೇನೆ. ಆಮೇಲೆ ಎಲ್ಲರೂ ಕನ್ನಡ ಓದಲು ಕೂರುತ್ತೇವೆ. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳಿಂದ ಇವಳಿಗೆ ತಮಿಳು ಬಂದಿದೆ, ಅಂಗಡಿಯ ಕೇರಳದ ಅಕ್ಕನಿಂದ ಮಲಯಾಳ, ಅಜ್ಜಿಯಿಂದ ಕೊಂಕಣಿ. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವವರು ಯಾರೂ ಇಲ್ಲ ಬಿಡಿ.

ಜೀಪಿನವರು, ಅಂಗಡಿಯವರು ಕೇಳಿದರೆ ನಕ್ಕು ಸುಮ್ಮನಾಗುವುದನ್ನು ಕಲಿತಿದ್ದೆ. ಆದರೆ ಚರ್ಚಿನಲ್ಲೂ ಕ್ಲಾಸೇ?

ವಿಷಯ ಇಷ್ಟು. ನಮ್ಮ ಕಥೋಲಿಕ ಮಕ್ಕಳ ಬಾಳಿನಲ್ಲಿ ಒಂದು ದೊಡ್ಡ ದಿನ ಬರುತ್ತದೆ. ಫಸ್ಟ್ ಕಮ್ಯೂನಿಯನ್. ಪೂಜೆಯಲ್ಲಿ ಪರಮಪ್ರಸಾದವನ್ನು ಮೊದಲ ಸಲ ನಾಲಿಗೆಯ ಮೇಲೆ ಸ್ವೀಕರಿಸುವ ದಿನ. ಹುಡುಗಿಯರಿಗೆ ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ನಮ್ಮಲ್ಲಿ ಈ ಸಲ ಡಿಸೆಂಬರಿನಲ್ಲಿ. ಇದುವರೆಗೆ ಪುಟಾಣಿಗಳನ್ನು ಬಿಟ್ಟರೆ ಉಳಿದ ಚಿಕ್ಕ ಮಕ್ಕಳದ್ದೆಲ್ಲ ಒಂದೇ ಗುಂಪಿತ್ತು. ಈ ಅಕ್ಟೋಬರಿನಲ್ಲಿ ತಯಾರಿಗೆಂದು ಕೆಲವರನ್ನು ಬೇರೆ ಕೂರಿಸಿದರು. ಯಾರನ್ನು? ಶಾಲೆಯಲ್ಲಿ ಮೂರನೇ ಕ್ಲಾಸ್ ಓದುವವರನ್ನು.

ವಯಸ್ಸು ಕೇಳಲಿಲ್ಲ. ಪ್ರಾರ್ಥನೆ ಬರುತ್ತದಾ ಅಂತ ಕೇಳಲಿಲ್ಲ. ಆ ಬಿಳಿ ರೊಟ್ಟಿ ಏನು, ಅದನ್ನು ಯಾಕೆ ಸ್ವೀಕರಿಸುತ್ತೀ ಅಂತ ಕೇಳಲಿಲ್ಲ. ಕೇಳಿದ್ದು ಕ್ಲಾಸು! (ಮೀನಿಗೆ ಬಲೆ ಬೀಸುತ್ತಿದ್ದವರನ್ನು ಯೇಸುಸ್ವಾಮಿ ಶಿಷ್ಯರಾಗಿ ಕರೆದಾಗ ಯಾವ ಕ್ಲಾಸು ಅಂತ ವಿಚಾರಿಸಿದ್ದರೇ?)

ಸೆಲಿನ್ ಈ ದಿನಕ್ಕಾಗಿ ಎಷ್ಟು ಕಾದಿದ್ದಾಳೆ ಅಂತ ನನಗೆ ಗೊತ್ತು. ಜೂನ್ ತಿಂಗಳಿಂದ ಮನೆಯಲ್ಲಿ ನೇಂದ್ರಬಾಳೆ ಚಿಪ್ಸ್ ಉಳಿಯುತ್ತಿಲ್ಲ. ದುಂಡಗೆ, ತೆಳ್ಳಗೆ ಇರುವುದನ್ನು ಆರಿಸಿ ಟೋನಿಯ ಕೈಗೆ ಕೊಡುತ್ತಾಳೆ. ಅವನು ಟವೆಲ್ ಹೊದ್ದು ಫಾದರ್ ಆಗುತ್ತಾನೆ. ಇವಳು ಕೈ ಜೋಡಿಸಿ, ಕಣ್ಣು ಮುಚ್ಚಿ, ನಾಲಿಗೆ ಚಾಚುತ್ತಾಳೆ. ಕಚ್ಚಬಾರದು, ಕರಗುವವರೆಗೆ ಕಾಯಬೇಕು ಅಂತ ಅವಳ ನಿಯಮ. ಚಿಪ್ಸ್ ಕರಗುವುದೆಲ್ಲಿ? ಆದರೂ ಕಾಯುತ್ತಾಳೆ. ಆ ಆಟ ಎರಡು ವಾರದಿಂದ ನಿಂತಿದೆ.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಸಂಜೆ ಒಂದೊಂದು ಮನೆಯಲ್ಲಿ ಮಾತೆ ಮರಿಯಳ ಪ್ರತಿಮೆ ಇಟ್ಟು, ನೆರೆಹೊರೆಯವರೆಲ್ಲ ಸೇರಿ ಪ್ರಾರ್ಥನೆ ಮಾಡುತ್ತೇವೆ. ಆಮೇಲೆ ಚಹಾ, ಕಡಲೆ, ಸುದ್ದಿ. ಆ ವಾರ ಪಕ್ಕದ ತೋಟದ ಮನೆಯ ಸರದಿ. ಲೂಸಿ ಟೀಚರ್ ಬಂದಿದ್ದರು, ಫಾದರ್ ಕೂಡ. ಜಪಸರದುದ್ದಕ್ಕೂ ನನ್ನ ಬಾಯಿ "ನಮೋ ಮರಿಯೆ" ಅನ್ನುತ್ತಿತ್ತು, ತಲೆಯೊಳಗೆ ಜಗಳದ ರಿಹರ್ಸಲ್ ನಡೆಯುತ್ತಿತ್ತು. ಚಹಾ ಬರುತ್ತಿದ್ದಂತೆ ಟೀಚರ್ ಪಕ್ಕ ಹೋಗಿ ಕೂತೆ.

"ಟೀಚರ್, ಸೆಲಿನ್‌ಗೆ ಎಂಟಾಯ್ತು. ಪ್ರಾರ್ಥನೆ ಎಲ್ಲ ಬರ್ತದೆ. ಅವಳನ್ಯಾಕೆ ಪುಟಾಣಿಗಳ ಜೊತೆ ಕೂರ್ಸಿದ್ರಿ?"

"ನೋಡಿ ಲವೀನಾ, ನಂಗೆಂಥ ಅವಳ ಮೇಲೆ ಕೋಪವಾ? ಮೂರನೇ ಕ್ಲಾಸ್ ಆದ್ರೆ ಮಾತ್ರ ತಗೊಳ್ಳೋದು. ರೂಲ್ಸ್ ಹಂಗುಂಟು. ಇವಳಿಗೆ ಕ್ಲಾಸೇ ಇಲ್ಲ ಅಂದ್ರೆ ನಾನು ಎಲ್ಲಿ ಕೂರ್ಸ್ಲಿ?"

"ಶಾಲೆಗೆ ಹೋಗಿದ್ರೆ ಮೂರನೇ ಕ್ಲಾಸಲ್ಲೇ ಇರ್ತಿದ್ಳು."

"ಹೋಗ್ತಿಲ್ವಲ್ಲ?"

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ವಾರ ಬೇರೇನಾದರೂ ಬರೆಯುತ್ತಿದ್ದೆ. ಟೀಚರ್ ಕೆಟ್ಟವರಲ್ಲ. ವಾರವಿಡೀ ದುಡಿದು, ಭಾನುವಾರವನ್ನೂ ಊರ ಮಕ್ಕಳಿಗೆ ಕೊಡುತ್ತಾರೆ, ಬಿಡಿಗಾಸೂ ತೆಗೆದುಕೊಳ್ಳುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. ಹತ್ತಿರ ಬಗ್ಗಿ ಪಿಸುಗುಟ್ಟಿದರು.

"ಒಂದು ಕೆಲ್ಸ ಮಾಡಿ. ಮುಂದಿನ ಭಾನುವಾರ ನಾನು ಎಲ್ರ ಎದುರು ಇನ್ನೊಂದ್ಸಲ ಕೇಳ್ತೇನೆ. ಮೂರನೇ ಕ್ಲಾಸ್ ಅಂತ ಹೇಳ್ಲಿ. ಯಾವ ಸ್ಕೂಲು, ಎಂಥದು, ನಾನು ಕೇಳೂದಿಲ್ಲ. ನೀವೂ ಹೇಳ್ಬೇಡಿ."

ನಾನು ಫಾದರ್ ಕಡೆ ತಿರುಗಿದೆ. ಅವರಿಗೆ ಎಲ್ಲ ಕೇಳಿಸಿತ್ತು. ಕಡಲೆ ಅಗಿಯುತ್ತಾ ನಕ್ಕರು. "ಸಣ್ಣ ವಿಷಯ ಅಮ್ಮ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಮಗುವಿಗೆ ಒಳ್ಳೇದಾಗ್ತದಲ್ಲ?"

ಅಡ್ಜಸ್ಟ್! ನಮ್ಮ ಕಾಲದ ದೊಡ್ಡ ಮಂತ್ರ. ಸುಳ್ಳು ಅನ್ನುವ ಪದವನ್ನು ಯಾರೂ ಬಾಯಿಗೇ ತರುವುದಿಲ್ಲ ನೋಡಿ. ಬಸ್ಸಿನಲ್ಲಿ ಅರ್ಧ ಟಿಕೆಟಿಗಾಗಿ ಮಗುವಿನ ವಯಸ್ಸು ಇಳಿಸುತ್ತೇವೆ. ಬೇಡದವರು ಫೋನ್ ಮಾಡಿದರೆ "ಅಪ್ಪ ಮನೇಲಿಲ್ಲ ಅನ್ನು" ಅಂತ ಮಗುವಿನ ಕೈಗೇ ಫೋನ್ ಕೊಡುತ್ತೇವೆ. ಆಮೇಲೆ ಅದೇ ಮಗು ಬಿಸ್ಕೆಟ್ ಕದ್ದು ತಿಂದು ಇಲ್ಲ ಅಂದರೆ ಬೆನ್ನಿಗೆ ಬಾರಿಸುತ್ತೇವೆ.

ಮನೆಗೆ ಬಂದರೆ ಅಲ್ಲಿ ಬೇರೆಯೇ ಕತೆ. ನಾನು ಬರುವ ಮೊದಲೇ ಯಾರೋ ಫೋನ್ ಮಾಡಿ ಅತ್ತೆಗೆ ಸುದ್ದಿ ಮುಟ್ಟಿಸಿದ್ದರು. ಮೊಮ್ಮಗಳನ್ನು ಒಲೆಯ ಹತ್ತಿರ ಕೂರಿಸಿಕೊಂಡು ಪಾಠ ಶುರು ಮಾಡಿದ್ದರು.

"ಟೀಚರ್ ಯಾವ ಕ್ಲಾಸು ಅಂದ್ರೆ ಎಂಥ ಹೇಳ್ತಿ?"

"ಕ್ಲಾಸಿಲ್ಲ..."

"ಅಯ್ಯೋ ಪೆದ್ದು! ಮೂರನೇ ಕ್ಲಾಸ್ ಅನ್ಬೇಕು. ಹೇಳು, ಮೂರನೇ ಕ್ಲಾಸ್."

ಐವನ್ ಪೇಪರಿನಿಂದ ತಲೆ ಎತ್ತದೆ, "ಹೇಳ್ಲಿ ಬಿಡು ಲವೀನಾ, ಒಂದು ಮಾತಲ್ವಾ?" ಅಂದ. ಆ ಪೇಪರನ್ನು ಕಸಿದು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಯಾವತ್ತೂ ನನ್ನ ಪರ ನಿಲ್ಲುವ ಮನುಷ್ಯ, ಫಾದರ್ ಹೇಳಿದರು ಅಂದ ಕೂಡಲೇ ಮೆತ್ತಗಾಗಿಬಿಟ್ಟ.

ಆಗ ಸೆಲಿನ್ ಕೇಳಿದಳು. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

"ಅಜ್ಜಿ, ಕಮ್ಯೂನಿಯನ್‌ಗೆ ಮುಂಚೆ ಕನ್ಫೆಶನ್ ಉಂಟಲ್ವಾ? ಆಗ ಇದನ್ನ ಫಾದರ್ ಹತ್ರ ಹೇಳ್ಬೇಕಾ?"

ಕಥೋಲಿಕರಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಪರಮಪ್ರಸಾದ ಸ್ವೀಕರಿಸುವ ಮೊದಲು ಮಗು ಗುರುಗಳ ಬಳಿ ಮಂಡಿಯೂರಿ ತನ್ನ ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಪಾಪನಿವೇದನೆ. ಬಚ್ಚಿಡುವಂತಿಲ್ಲ. ಅಂದರೆ ನನ್ನ ಮಗಳು, ಕನ್ಫೆಶನ್ ತಯಾರಿಯ ತರಗತಿಗೆ ಸೇರಲು ಮೊದಲು ಒಂದು ಸುಳ್ಳು ಹೇಳಬೇಕು. ಆಮೇಲೆ ಆ ತರಗತಿಯಲ್ಲಿ ಸುಳ್ಳು ಪಾಪ ಅಂತ ಕಲಿಯಬೇಕು. ಕೊನೆಗೆ ಆ ಸುಳ್ಳನ್ನು, ಅಡ್ಜಸ್ಟ್ ಮಾಡ್ಕೊಳ್ಳಿ ಅಂದ ಅದೇ ಫಾದರ್ ಬಳಿ ಹೇಳಿ ಕ್ಷಮೆ ಕೇಳಬೇಕು!

ಅತ್ತೆ ಒಲೆಯ ಸೌದೆ ಒಳಗೆ ತಳ್ಳಿದರು. ಐವನ್ ನಾಯಿಗೆ ಅನ್ನ ಹಾಕಲು ಎದ್ದುಹೋದ. "ಯಾರು ಹೇಳಿಕೊಟ್ಟರೂ ಸುಳ್ಳು ಸುಳ್ಳೇ ಮಗಾ" ಅಂದೆ ನಾನು. ಅವಳು ತಲೆಯಾಡಿಸಿದಳು. "ಆದ್ರೆ ಸ್ಟೆಫಿ ಎಲ್ಲ ಡಿಸೆಂಬರಲ್ಲೇ ತಗೊಳ್ತಾರೆ" ಅಂದಳು. ಸ್ಟೆಫಿ ಅವಳ ಜೀವದ ಗೆಳತಿ.

ಕಳೆದ ಭಾನುವಾರ ಬಂತು. ಜಡೆ ಹಾಕುವಾಗ ನಾನು ಏನೂ ಹೇಳಲಿಲ್ಲ. ಸುಳ್ಳು ಹೇಳು ಅನ್ನಲು ನಾಲಿಗೆ ಏಳಲಿಲ್ಲ. ಹೇಳಬೇಡ ಅಂತ ಇನ್ನೊಂದು ಸಲ ಅನ್ನೋಣವೆಂದರೆ, ಕಣ್ಣು ಮುಚ್ಚಿ ನಾಲಿಗೆ ಚಾಚಿ ಕೂತ ಅವಳ ಮುಖ ಎದುರು ಬರುತ್ತಿತ್ತು. ಎಂಟು ವರ್ಷದ ಮಗುವಿನ ತಲೆಯ ಮೇಲೆ ಇಷ್ಟು ಭಾರ ಹೊರಿಸಿದ್ದಾರಲ್ಲ ಅಂದುಕೊಳ್ಳುತ್ತಾ ಜಡೆ ಎಳೆದು ಕಟ್ಟಿದೆ. ರಿಬ್ಬನ್ ಬಿಗಿ ಆಯಿತೆಂದು ಅವಳು ಬೈದಳು.

ಪೂಜೆ ಆಯಿತು. ತರಗತಿಯ ಬಾಗಿಲಲ್ಲಿ ನಾನು ನಿಂತಿದ್ದೆ. ಒಂದು ಕಡೆ ತಯಾರಿಯ ಮಕ್ಕಳ ಸಾಲು, ಅದರಲ್ಲಿ ಸ್ಟೆಫಿ ತನ್ನ ಪಕ್ಕ ಜಾಗ ಬಿಟ್ಟು ಕೂತಿದ್ದಳು. ಇನ್ನೊಂದು ಕಡೆ ಪುಟಾಣಿಗಳ ಬೆಂಚು. ಅಲ್ಲಿ ಟೋನಿಯೂ ಜಾಗ ಬಿಟ್ಟು ಕೂತಿದ್ದ, ಅಕ್ಕನಿಗೆ ಅಂತ.

ಲೂಸಿ ಟೀಚರ್ ಮಾತು ಉಳಿಸಿಕೊಂಡರು. ಜೋರಾಗಿ, ಎಲ್ಲರಿಗೂ ಕೇಳುವಂತೆ ಕೇಳಿದರು. ಕೇಳುವಾಗ ನಗುತ್ತಲೂ ಇದ್ದರು.

"ಸೆಲಿನ್, ನೀನು ಎಷ್ಟನೇ ಕ್ಲಾಸು ಮಗಳೇ?"

ಅವಳು ಸ್ಟೆಫಿಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಕತ್ತು ಕೆಂಪಾಯಿತು.

"ನಂಗೆ ಕ್ಲಾಸಿಲ್ಲ ಟೀಚರ್. ಮನೇಲಿ ಓದೋದು."

ಟೀಚರ್ ನಗು ನಿಂತಿತು. "ಹೇಳಿಕೊಟ್ರೂ ಬರೂದಿಲ್ವಾ ಇದಕ್ಕೆ?" ಅಂದರು. ಯಾರಿಗೋ ಅಂದಂತೆ, ನನಗೇ ಅಂದಂತೆ. ಆಮೇಲೆ ಪುಟಾಣಿಗಳ ಬೆಂಚಿನ ಕಡೆ ಬೆರಳು ತೋರಿಸಿದರು. ಸೆಲಿನ್ ಹೋಗಿ ತಮ್ಮನ ಪಕ್ಕ ಕೂತಳು. ಅವಳ ಮೊಣಕಾಲು ಮುಂದಿನ ಬೆಂಚಿಗೆ ತಾಗುತ್ತಿತ್ತು. ಆ ದಿನ ಕೊಟ್ಟ ಚಿತ್ರಕ್ಕೂ ಅವಳು ಬಣ್ಣ ತುಂಬಲಿಲ್ಲ.

ಡಿಸೆಂಬರಿನಲ್ಲಿ ಬಿಳಿ ಫ್ರಾಕು ಹಾಕಿದ ಮಕ್ಕಳು ಸಾಲಾಗಿ ಮುಂದೆ ಹೋಗುತ್ತಾರೆ. ನನ್ನ ಮಗಳು ಹಿಂದೆ ಕೂತು ನೋಡುತ್ತಾಳೆ. ಮೂರನೇ ಕ್ಲಾಸ್ ಅನ್ನುವ ಒಂದು ಮಾತು ಹೇಳಿದ್ದರೆ ಅವಳೂ ಹೋಗುತ್ತಿದ್ದಳು. ಅವಳನ್ನು ನೋಡಿದರೆ ನನಗೆ ಹೆಮ್ಮೆ, ಉಳಿದವರನ್ನು ನೆನೆದರೆ ರಕ್ತ ಕುದಿಯುತ್ತದೆ. ಸಮಾಧಾನ ಮಾಡಿಕೋ ಅಂತ ಐವನ್ ಹೇಳುತ್ತಿದ್ದಾನೆ. ಮಾಡಿಕೊಳ್ಳುವುದಿಲ್ಲ.

ಲೂಸಿ ಟೀಚರ್ ಈ ಅಂಕಣ ತಪ್ಪದೆ ಓದುತ್ತಾರೆ. ಅದಕ್ಕೇ ಇಲ್ಲೇ ಕೇಳಿಬಿಡುತ್ತೇನೆ.

ಸುಳ್ಳು ಹೇಳಬಾರದು ಅನ್ನುವುದು ಎಷ್ಟನೇ ಕ್ಲಾಸಿನ ಪಾಠ, ಟೀಚರ್?