ರೈಟಕ್ಕನ ಮೂರು ಪೈಪುಗಳು

ಬಸ್ ಕಂಡಕ್ಟರಾಗಿ ದುಡಿದು ನಿವೃತ್ತಳಾಗಿದ್ದ ರೈಟಕ್ಕ ಈ ಬೇಸಿಗೆಯಲ್ಲಿ ತೀರಿಕೊಂಡಳು. ಡಿಪೋದವರು ಇಟ್ಟ ಆ ಹೆಸರು ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರ ಬಾಯಲ್ಲೂ ನಿಂತಿತ್ತು. ಮನೆಯ ಸೊಸೆ ಬಸ್ಸಿನಲ್ಲಿ ನಿಂತು ‘ರೈಟ್ ರೈಟ್’ ಎಂದು ಕೂಗುವುದು ಅತ್ತೆಗೆ ಮೊದಲ ದಿನವೂ ಹಿಡಿಸಿರಲಿಲ್ಲ, ಅವಳು ಕೆಲಸ ಬಿಟ್ಟ ದಿನವೂ ಹಿಡಿಸಿರಲಿಲ್ಲ.

ನಿವೃತ್ತಿಯಾದಾಗ ಅವಳಿಗೆ ಬೇಕಾಗಿದ್ದದ್ದು ಗದ್ದಲವಿಲ್ಲದ ಏನಾದರೊಂದು. ಹಾರ್ನು, ನೂಕುನುಗ್ಗಲು, ಚಿಲ್ಲರೆಯ ಜಗಳ ಎಲ್ಲ ಸಾಕಾಗಿತ್ತು. ನಡುಮನೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇಟ್ಟು ಮೀನು ಬಿಟ್ಟಳು. ಅದರಡಿಯ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ. ಮೇಲೆ ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ಇಳಿದು, ಕೆಳಗೆ ಸೋಸಿಕೊಂಡು, ಮೋಟಾರಿನಿಂದ ಮತ್ತೆ ಮೇಲೇರುತ್ತಿತ್ತು.

ಗದ್ದಲ ಇದ್ದದ್ದು ಆ ಇಳಿಯುವ ಪೈಪಿನಲ್ಲೇ. ಹಗಲಿರುಳು ಗೊಳಗೊಳ. ತಮಾಷೆಯೆಂದರೆ ಅದು ರೈಟಕ್ಕನಿಗೆ ಕೇಳಿಸುತ್ತಲೇ ಇರಲಿಲ್ಲ. ಇಂಜಿನ್ ಪಕ್ಕ ನಿಂತು ನಿಂತು ಅವಳ ಕಿವಿ ಅವಳಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಕೇಳಿಸುತ್ತಿದ್ದದ್ದು ನಡುಮನೆಯಲ್ಲೇ ಮಲಗುವ ಅತ್ತೆಗೆ.

“ಯಾರೋ ಬಾಯಿ ಮುಕ್ಕಳಿಸ್ತಾನೇ ಇದಾರೆ, ಉಗುಳೋದೇ ಇಲ್ಲ,” ಎನ್ನುತ್ತಿದ್ದರು ಅತ್ತೆ.

ಅದನ್ನಾದರೂ ಸಹಿಸಿಕೊಂಡರು. ಒಂದು ಮಧ್ಯಾಹ್ನ ತೊಟ್ಟಿಯೊಳಗಿನ ಬಸವನಹುಳು ಪೈಪಿನ ಬಾಯಿಗೆ ಬಂದು ಕೂತಿತು. ಮೋಟಾರು ನೀರೇರಿಸುತ್ತಲೇ ಇತ್ತು, ಇಳಿಯಲು ದಾರಿಯಿಲ್ಲ. ನೀರು ಅಂಚು ದಾಟಿ ನೆಟ್ಟಗೆ ಅತ್ತೆಯ ಹಾಸಿಗೆ ಸೇರಿತು. ಅತ್ತೆ ಕೂಗಾಡಲಿಲ್ಲ. ಒದ್ದೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ತೀರ್ಪು ಕೊಟ್ಟರು.

“ಭಾನುವಾರ ಊಟ ಆದ್ಮೇಲೆ ಇಲ್ಲೇ ಮಲಗ್ತೀನಿ. ಸದ್ದಿಗೆ ಎಚ್ಚರ ಆದ್ರೆ, ಒಂದ್ ಹನಿ ಹೊರಗೆ ಬಿದ್ರೆ, ಸಾಯಂಕಾಲಾನೇ ತೊಟ್ಟಿ ಮಾರಿಬಿಡು.”

“ಅಮ್ಮಾ, ಅದು...” ಎಂದು ಗಂಡ ಬಾಯಿ ತೆರೆದ.

“ನೀನು ಸುಮ್ನಿರೋ,” ಎಂದರು ಅತ್ತೆ. “ನೀವು ಸುಮ್ನಿರ್ರೀ,” ಎಂದಳು ರೈಟಕ್ಕ, ಅದೇ ಗಳಿಗೆಯಲ್ಲಿ. ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದು ಅಂದೇ ಮೊದಲು.

ನೀರು ಚೆಲ್ಲದಂತೆ ಮಾಡುವುದು ಅವಳಿಗೆ ಕಷ್ಟವಾಗಲಿಲ್ಲ. ತೊಟ್ಟಿಯ ಮೂಲೆಯಲ್ಲಿ, ಹೆಚ್ಚಾದ ನೀರು ಬಂದು ಬೀಳುವ ಗಾಜಿನ ಡಬ್ಬಿಯೊಳಗೆ, ಒಂದು ಪೈಪಿನ ಬದಲು ಮೂರು ಹಾಕಿದಳು. ಒಂದಕ್ಕಿಂತ ಒಂದರ ಬಾಯಿ ಎತ್ತರ.

“ಮೊದಲನೇದು ಸೀಟು. ಎರಡನೇದು ನಿಂತು ಹೋಗೋರಿಗೆ. ಮೂರನೇದು ಫುಟ್‌ಬೋರ್ಡು, ಅಲ್ಲಿ ಯಾರೂ ಇರಬಾರ್ದು. ಮಿಕ್ಕೆರಡೂ ಕಟ್ಕೊಂಡ್ರೆ ಮಾತ್ರ,” ಎಂದು ಗಂಡನಿಗೆ ವಿವರಿಸಿದಳು.

ಸದ್ದು ಮಾತ್ರ ಜಗ್ಗಲಿಲ್ಲ. ಹಳೆಯ ಕಂಬಳಿ ಹರಿದು ಪೈಪಿಗೆ ಸುತ್ತಿದಳು.

“ಈಗ ಹೇಗಿದೆ ಅತ್ತೆ?”

“ಈಗ ಕಂಬಳಿ ಹೊದ್ಕೊಂಡು ಮುಕ್ಕಳಿಸ್ತಿದೆ.” ಅತ್ತೆ ಅಷ್ಟಕ್ಕೇ ಬಿಡಲಿಲ್ಲ. “ತುಂಬಿದ ಕೊಡ ತುಳುಕಲ್ಲ ಕಣಮ್ಮ. ನಿನ್ನ ಪೈಪೂ ನಿನ್ನ ಹಾಗೇ. ಒಳಗೆ ಅರ್ಧಂಬರ್ಧ, ಹೊರಗೆ ಬರೀ ಬಾಯಿ.”

ಎದುರುತ್ತರ ಕೊಡಬೇಕಿದ್ದ ರೈಟಕ್ಕ ಕಂಬಳಿ ಕಿತ್ತು, ಪೈಪಿನ ಮೇಲೆ ಅಂಗೈ ಇಟ್ಟಳು. ಬಸ್ಸಿನ ಗೇರು ಕೆಟ್ಟರೆ ಡ್ರೈವರಿಗಿಂತ ಮೊದಲು ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಪೈಪು ಒಳಗೇ ನಡುಗುತ್ತಿತ್ತು. ಅರ್ಧ ನೀರು, ಅರ್ಧ ಗಾಳಿ. ಎರಡೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಇಳಿಯಲು ಗುದ್ದಾಡುತ್ತಿದ್ದವು.

“ಅತ್ತೆ, ನೀವು ದೇವರಂಥೋರು!”

“ಬೈದದ್ದು ಅರ್ಥ ಆಗ್ಲಿಲ್ವೇನೋ,” ಎಂದು ಅತ್ತೆ ಮಗನ ಮುಖ ನೋಡಿದರು.

ಶನಿವಾರ ಮೊದಲನೆಯ ಪೈಪಿನ ಬುಡಕ್ಕೆ ತಿರುಗಿಸುವ ವಾಲ್ವ್ ಕೂರಿಸಿದಳು. ಒಂದು ಕೈ ಪೈಪಿನ ಮೇಲಿಟ್ಟು, ಇನ್ನೊಂದರಿಂದ ಕೂದಲೆಳೆಯಷ್ಟೇ ಬಿಗಿಮಾಡುತ್ತ ಹೋದಳು. ಇಳಿಯುವ ದಾರಿ ಕಿರಿದಾದಂತೆ ಡಬ್ಬಿಯಲ್ಲಿ ನೀರು ಏರಿ ಪೈಪಿನ ಬಾಯಿ ಮುಳುಗಿತು. ಗಾಳಿಗೆ ಎಡೆಯೇ ಇಲ್ಲದಾಯಿತು. ಅಂಗೈಯ ಕೆಳಗೆ ನಡುಕ ನಿಂತಿತು. ಮಿಕ್ಕ ಒಂದಿಷ್ಟು ನೀರು ಎರಡನೆಯ ಪೈಪಿನ ಒಳಗೋಡೆಗೆ ಅಂಟಿಕೊಂಡು ಜಾರಿತು. ಮೂರನೆಯದು ಒಣಗಿಯೇ ಇತ್ತು.

ಭಾನುವಾರ ಅತ್ತೆ ಮಂಚ ಏರುವ ಮೊದಲೇ ತಕರಾರು ತೆಗೆದರು. “ಮತ್ತೆ ಹುಳು ಬಂದು ಕೂತ್ರೆ?”

ರೈಟಕ್ಕ ಅಡುಗೆಮನೆಯಿಂದ ಆಲೂಗಡ್ಡೆ ತಂದು ಮೊದಲನೆಯ ಪೈಪಿನ ಬಾಯಿಗೆ ಒತ್ತಿದಳು, ಎರಡನೆಯದಕ್ಕೆ ಬಟ್ಟೆ ತುರುಕಿದಳು. ನೀರು ಏರಿತು, ಏರಿತು, ಮೂರನೆಯದರೊಳಗೆ ಧುಮುಕಿ ಮನೆಯೇ ಹಾರುವಂತೆ ಭೋರ್ಗರೆಯಿತು.

“ಅಯ್ಯೋ, ಇದೇನೇ ಹೀಗೆ ಅರಚುತ್ತೆ!”

“ಅದು ವಿಸಿಲ್ ಅತ್ತೆ. ಫುಟ್‌ಬೋರ್ಡಿಗೆ ಜನ ಬಂದ್ರೆ ಊದ್ಲೇಬೇಕು.”

ಹೊರಗೆ ಒಂದು ಹನಿ ಬೀಳಲಿಲ್ಲ. ಅಡೆತಡೆ ತೆಗೆದು, ಕರೆಂಟು ಹೋದರೂ ನೋಡಿಬಿಡೋಣವೆಂದು ಮೋಟಾರಿನ ಸ್ವಿಚ್ ಆರಿಸಿದಳು. ಮೇಲಿನ ನೀರು ಇಳಿದಿಳಿದು, ಕೆಳಗಿನ ತೊಟ್ಟಿಯ ಅಂಚಿಗೆ ಒಂದು ಗೇಣು ಇರುವಾಗ ನಿಂತಿತು. ಅಷ್ಟು ಜಾಗ ಅವಳು ಮೊದಲೇ ಬಿಟ್ಟಿದ್ದಳು. ಮತ್ತೆ ಸ್ವಿಚ್ ಹಾಕಿದಾಗ ಪೈಪು ಒಮ್ಮೆ ತೇಗಿ ಸುಮ್ಮನಾಯಿತು.

ಅತ್ತೆ ಮಲಗಿದರು. ರೈಟಕ್ಕ ಪೈಪಿಗೆ ಕೈಯಾನಿಸಿ ಅವರ ರೆಪ್ಪೆಗಳನ್ನೇ ನೋಡುತ್ತ ಕೂತಳು. ನಿದ್ದೆಯೋ, ಸುಮ್ಮನೆ ಕಣ್ಣು ಮುಚ್ಚಿದ್ದೋ ತಿಳಿಯದು. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ಗಂಡ ಎರಡು ಅಂಗೈ ಕೆನ್ನೆಗಿಟ್ಟು, ಮೂಗು ಅರಳಿಸಿ, ತಾಯಿಯ ಗೊರಕೆಯನ್ನು ಅಭಿನಯಿಸಿ ತೋರಿಸಿದ. ರೈಟಕ್ಕ ಎದ್ದು ನಿಂತು ಎರಡೂ ಕೈ ಎತ್ತಿದಳು, ಪಂದ್ಯದ ಕಪ್ ಗೆದ್ದವಳ ಹಾಗೆ.

ತುಸು ಹೊತ್ತಿಗೆ ಅತ್ತೆ ದಡಬಡಿಸಿ ಎದ್ದರು. “ಯಾಕೆ ನಿಲ್ಲಿಸಿಬಿಟ್ಟೆ? ಮೀನು ಸತ್ತೋಗಲ್ವಾ?”

“ಓಡ್ತಾ ಇದೆ ಅತ್ತೆ.”

ಅತ್ತೆ ನಂಬಲಿಲ್ಲ. ಮಂಡಿ ಹಿಡಿದುಕೊಂಡು ಬಂದು ತೊಟ್ಟಿಗೆ ಮೂಗು ತಾಗಿಸಿ ನೋಡಿದರು. ಒಳಗೆ ಹಸಿರು ಎಲೆಗಳು ಹರಿವಿಗೆ ಬಾಗುತ್ತಿದ್ದವು. ಪೈಪಿಗೆ ಕಿವಿ ಇಟ್ಟರು. ಮರಳಿ ಹೋಗಿ ಗೋಡೆಯ ಕಡೆ ಹೊರಳಿ, ಹೊದಿಕೆ ಎಳೆದುಕೊಂಡು ಅಂದರು:

“ರೈಟ್ ರೈಟ್.”

ಅದು ಮಾತ್ರ ರೈಟಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು.

ಅವಳು ತೀರಿಕೊಂಡ ವಾರ, ಮಾತಾಡಿಸಲು ಬಂದವರೊಬ್ಬರು ತೊಟ್ಟಿಯ ಕಡೆ ನೋಡಿ, “ಮೋಟಾರು ಬಂದ್ ಮಾಡಿಟ್ಟಿದೀರಾ, ಪಾಪ?” ಎಂದು ಕೇಳಿದರು.

“ಇಲ್ಲಪ್ಪ, ಓಡ್ತಾ ಇದೆ,” ಎಂದರು ಅತ್ತೆ. “ನನ್ನ ಸೊಸೆ ಮಾಡಿದ್ದು. ಸದ್ದು ಬರಲ್ಲ.”